ಇಂಧನದ ಲೆಕ್ಕ

ಆ ಪೆಟ್ಟಿಗೆ ಬಂದದ್ದು ಗಿಲ್ಬರ್ಟನ ಮಾವ ಹಡಗಿನ ಕೆಲಸ ಬಿಟ್ಟ ವರ್ಷ.
ಒಂದು ಮೂಲೆ ಜಜ್ಜಿಹೋಗಿತ್ತು. ದಾಳ ಇರಲಿಲ್ಲ.
ನಿಯಮದ ಪುಸ್ತಕದಲ್ಲಿ ಹನ್ನೊಂದರಿಂದ ಹದಿನಾಲ್ಕನೇ ಪುಟ
ಯಾವುದೋ ಬಂದರಿನ ಇಲಿಯ ಪಾಲು.

ಭದ್ರಾವತಿಯ ಪೇಪರ್ ಟೌನಿನಲ್ಲಿ, ಕ್ವಾರ್ಟರ್ಸಿನ ಹಿಂದೆ,
ಸೈಕಲ್ ಷೆಡ್ಡಿನ ಸಿಮೆಂಟು ನೆಲದ ಮೇಲೆ
ನಾವು ಆಕಾಶ ಹಾಸಿದೆವು:
ಕಾರ್ಖಾನೆ ಬೇಡವೆಂದು ಬಿಸುಟ ದಪ್ಪ ಹಾಳೆ,
ಅದರ ಮೇಲೆ ಚೂಡಾಮಣಿ ಸ್ಕೇಲಿಟ್ಟು ಗೀಚಿದ
ಸಾವಿರದಿನ್ನೂರು ಆರುಮೂಲೆ ಮನೆ.
ಜೇನುಗೂಡು, ಅಂದಳು. ನಕ್ಷತ್ರಗಳಿಗೆ ಅರಿಶಿನ ಹಚ್ಚಿದಳು.

ದಾಳವನ್ನು ತಂಗವೇಲು ಮಾಡಿಸಿ ತಂದ,
ಉಕ್ಕಿನ ಕಾರ್ಖಾನೆಯ ಲೇತಿನಲ್ಲಿ, ಅವನಪ್ಪನ ಕೈಯಿಂದ.
ಹಿತ್ತಾಳೆಯದು, ಎಂಟು ಮುಖ, ಗೋಲಿಗಿಂತ ತುಸು ದಪ್ಪ.
ಎಲ್ಲೋ ತೂಕ ತಪ್ಪಿತ್ತು:
ಹತ್ತು ಸಲ ಎಸೆದರೆ ಆರು ಸಲ ಐದು.
ಇಲಿ ತಿಂದ ಪುಟಗಳಲ್ಲಿ ಹಾಗೇ ಬರೆದಿತ್ತೆಂದು
ನಾವೇ ತೀರ್ಮಾನ ಮಾಡಿಕೊಂಡೆವು.

ಷಫೀವುಲ್ಲಾ ಕ್ಯಾಪ್ಟನ್. ಅವನಿಗೆ ದನಿಯಿತ್ತು.
ನನಗೆ ಕೊಟ್ಟದ್ದು ಇಂಧನದ ಲೆಕ್ಕ,
ಏಕೆಂದರೆ ನಾನು ಎಲ್ಲರಿಗಿಂತ ಚಿಕ್ಕವಳು
ಮತ್ತು ನನ್ನ ಅಕ್ಷರ ದುಂಡಗೆ.
ಅಪ್ಪನ ಸಂಬಳದ ಚೀಟಿಗಳ ಬೆನ್ನ ಮೇಲೆ ಬರೆಯುತ್ತಿದ್ದೆ.
ಒಂದು ಕಡೆ ಪಿ.ಎಫ್., ಸೊಸೈಟಿ ಸಾಲ, ಹಬ್ಬದ ಮುಂಗಡ;
ಇನ್ನೊಂದು ಕಡೆ ಶನಿಯಾಚೆಯ ಪಯಣ.

ತಂಗವೇಲುವಿನ ಅಮ್ಮ ಮುರುಕ್ಕು ಇಟ್ಟು ಕೇಳುವರು,
ಯಾರ ಕಾಯಿ ಹಣ್ಣಾಯ್ತು?
ಚೌಕಾಬಾರ ಆಡಿ ಗೆದ್ದವರು ಅವರು.
ಈ ಆಟದಲ್ಲಿ ಕಾಯಿ ಹಣ್ಣಾಗಲ್ಲಮ್ಮ,
ಹೋಗ್ತಾನೇ ಇರುತ್ತೆ, ಅನ್ನುವ ಷಫಿ, ಗಂಭೀರವಾಗಿ.
ಅಯ್ಯೋ ಪಾಪ, ಅಂದುಬಿಡುವರು.

ಪೆಟ್ಟಿಗೆಯ ಮೇಲೆ ಇಸವಿ: ಎರಡು ಸಾವಿರದ ಹದಿನಾರು.
ಆ ಹೊತ್ತಿಗೆ ಭೂಮಿಯಲ್ಲಿ ಕಾಗದವೇ ಇರದು ಎಂದಿತ್ತು ಮುನ್ನುಡಿ.
ಗಿಲ್ಬರ್ಟ್ ಅದನ್ನು ಕನ್ನಡಕ್ಕೆ ತಿರುಗಿಸಿ ಹೇಳಿದಾಗ
ಬಿದ್ದು ಬಿದ್ದು ನಕ್ಕೆವು.
ಬಿದಿರು ಬೇಯುವ ನಾತ ಮೂಗಿನಲ್ಲೇ ಇತ್ತು,
ಗೇಟಿನ ಮುಂದೆ ಲಾರಿಗಳ ಸಾಲು.

ಹದಿನಾರು ಬಂತು, ಹೋಯಿತು.
ನಾವು ಶನಿಗೆ ಹೋಗಲಿಲ್ಲ.
ಶನಿಯೇ ಊರಿಗೆ ಬಂದ, ಅಂದರು ಕೆಲವರು.
ಕಾಗದದ ವಿಚಾರ ಮಾತ್ರ, ನಮ್ಮ ಬೀದಿಯ ಮಟ್ಟಿಗೆ,
ಪುಸ್ತಕ ಹೇಳಿದ ಹಾಗೇ ಆಯಿತು.

ಈ ಭಾನುವಾರ ಶಿವಮೊಗ್ಗದಲ್ಲಿ ಸೇರಿದ್ದೇವೆ,
ದುರ್ಗಿಗುಡಿಯ ಷಫಿಯ ಕನ್ನಡಕದ ಅಂಗಡಿಯಲ್ಲಿ, ಶಟರ್ ಅರ್ಧ ಎಳೆದು.
ಗಿಲ್ಬರ್ಟ್ ಅದೇ ಆಟದ ಹೊಸ ಪೆಟ್ಟಿಗೆ ತಂದಿದ್ದಾನೆ.
ಹೊಳೆಯುವ ಗ್ರಹಗಳು, ಬೆರಳುದ್ದದ ಹಡಗುಗಳು,
ಏಳು ಬಣ್ಣದ ದಾಳ, ಒಂದಕ್ಕೂ ತೂಕ ತಪ್ಪಿಲ್ಲ.
ಇಸವಿಯನ್ನು ಎರಡು ಸಾವಿರದ ನೂರಕ್ಕೆ ಮುಂದೂಡಿದ್ದಾರೆ,
ವಾಯಿದೆ ಕೇಳುವ ಸಾಲಗಾರರ ಹಾಗೆ.
ಅಕ್ಷರ ಸಣ್ಣದು. ಕನ್ನಡಕದ ಅಂಗಡಿಯಲ್ಲೇ ಕೂತು
ನಾಲ್ವರಲ್ಲಿ ಒಬ್ಬರಿಗೂ ಓದಲಾಗಲಿಲ್ಲ.

ತಂಗವೇಲು ಹೋಗಿ ಎರಡು ವರ್ಷ.
ಅವನ ಮಗಳು ದಾಳ ಕಳಿಸಿದ್ದಾಳೆ, ಕುಂಕುಮದ ಡಬ್ಬಿಯಲ್ಲಿ,
ಹುಣಸೆಹಣ್ಣು ಹಾಕಿ ತಿಕ್ಕಿ.
ಚೂಡಾಮಣಿ ಹಳೆಯ ಹಾಳೆ ಬಿಚ್ಚಿದಳು.
ನಕ್ಷತ್ರಗಳು ಕಂದಿವೆ, ಮಡಿಕೆಗಳಲ್ಲಿ ಹರಿದಿದೆ ಆಕಾಶ.
ಸರದಿ ನಲವತ್ತೊಂದು. ಅಲ್ಲಿಗೇ ನಿಂತಿತ್ತು,
ಅವರಿಗೆಲ್ಲ ಎಸ್ಸೆಸ್ಸೆಲ್ಸಿ ಪರೀಕ್ಷೆ ಬಂತು ಅಂತ.

ಒಂದು ಮಾತು ನಾನು ಯಾರಿಗೂ ಹೇಳಿಲ್ಲ.
ಹದಿನೇಳನೇ ಸರದಿಯಲ್ಲೇ ನಮ್ಮ ಹಡಗು ಬರಿದಾಗಿತ್ತು.
ಲೆಕ್ಕ ಸರಿಯಿಟ್ಟಿದ್ದರೆ ಅಂದೇ ಆಟ ಮುಗಿದು
ಎಲ್ಲರೂ ಅವರವರ ಮನೆಗೆ.
ಸೊನ್ನೆಗೆ ಒಂದು ಬಾಲ ಎಳೆದು ಒಂಬತ್ತು ಮಾಡಿದೆ.
ಆಮೇಲೆ ಇಪ್ಪತ್ನಾಲ್ಕು ಸರದಿ
ನಾವು ತೇಲಿದ್ದು ಆ ಬಾಲ ಹಿಡಿದು.

ಷಫಿ ಎಸೆದ. ಗಾಜಿನ ಕೌಂಟರಿನ ಮೇಲೆ ಹಿತ್ತಾಳೆ ಕುಣಿಯಿತು,
ಒಳಗಿನ ಫ್ರೇಮುಗಳೆಲ್ಲ ಅದುರಿ ಮೇಲೆ ನೋಡಿದವು.
ಐದು.

ಇಂಧನ ಎಷ್ಟಿದೆ?
ಅದೇ ದನಿ, ಸ್ವಲ್ಪ ಕೆಮ್ಮು ಬೆರೆತು.

ಚೀಟಿ ತಿರುಗಿಸಿದೆ. ಅಪ್ಪನ ಹಬ್ಬದ ಮುಂಗಡ
ಆ ಕಡೆಯಿಂದ ಮಸುಕಾಗಿ ಕಾಣುತ್ತಿತ್ತು.
ಇದೆ, ಅಂದೆ.
ಹೋಗಬಹುದು.